ನೆಲ ಮುಟ್ಟದ ಚುಕ್ಕಿ

ಆಫೀಸಿನಲ್ಲಿ ನನ್ನ ಹೆಂಡತಿಗೆ ಇಟ್ಟಿರುವ ಹೆಸರು ಎತ್ತರದಕ್ಕ. ಈ ಹೆಸರು ಕೇಳಿದವರು ಬಾಗಿಲಿಗೆ ತಲೆ ತಾಗುವಂಥ ಹೆಂಗಸನ್ನು ಕಲ್ಪಿಸಿಕೊಳ್ಳುತ್ತಾರೆ. ಇವಳೋ, ನನ್ನ ಹೊಲಿಗೆ ಮೇಜಿನ ಆಚೆ ಕೂತರೆ ಗಿರಾಕಿಗಳಿಗೆ ಬರೀ ಬೈತಲೆ ಕಾಣುತ್ತದೆ. ಮೇಲಿನ ಹಲಗೆಯ ಡಬ್ಬ ಬೇಕಾದರೆ ಇವತ್ತಿಗೂ ನನ್ನನ್ನೇ ಕೂಗುತ್ತಾಳೆ. ಹೆಸರು ಬಂದದ್ದು ಮೈಕಟ್ಟಿನಿಂದಲ್ಲ, ಕೆಲಸದಿಂದ. ನಕ್ಷೆ ಮಾಡುವ ಕಚೇರಿಯಲ್ಲಿ ನೆಲದ ಎತ್ತರ ನೋಡುವುದು ಅವಳ ಕೆಲಸ.

ನಾನು ದರ್ಜಿ. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆಯ ಮನೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬೀದಿಯವರು ಹೇಳುತ್ತಾರೆ, ಹೇಳಿಕೊಳ್ಳಲಿ; ಹೇಳಿದ ದಿನಕ್ಕೆ ಬಟ್ಟೆ ಕೊಡುವವನು ಈ ಬೀದಿಯಲ್ಲಿ ನಾನೊಬ್ಬನೇ. ನಮಗೆ ಮಕ್ಕಳಿಲ್ಲ. ಅದು ಯಾಕೆ, ಏನು ಎಂದು ಕೆದಕುವವರ ಪ್ಯಾಂಟನ್ನು ನಾನು ಬೇಕೆಂದೇ ತಡ ಮಾಡುತ್ತೇನೆ.

ಇವಳ ಕೆಲಸ ಏನೆಂದು ನನಗೆ ಅರ್ಥವಾಗಲು ಮದುವೆಯಾಗಿ ಬಹಳ ವರ್ಷ ಬೇಕಾಯಿತು. ಕಚೇರಿಯಲ್ಲಿ ಮನೆಯವರನ್ನೆಲ್ಲ ಕರೆದು ತೋರಿಸುವ ದಿನ ಒಂದಿತ್ತು, ಆಗ ಹೋಗಿದ್ದೆ. ವಿಮಾನ ಊರಿನ ಮೇಲೆ ನೆಟ್ಟಗೆ ಹಾರುತ್ತ ಒಂದರ ಹಿಂದೆ ಒಂದು ಫೋಟೋ ತೆಗೆಯುತ್ತ ಹೋಗುತ್ತದಂತೆ. ಒಂದೇ ಜಾಗ ಎರಡು ಫೋಟೋಗಳಲ್ಲಿ ಬೀಳುತ್ತದೆ, ಸ್ವಲ್ಪ ಅತ್ತಿಂದ ಒಂದು, ಸ್ವಲ್ಪ ಇತ್ತಿಂದ ಒಂದು. ಒಂದು ವಿಶೇಷ ಕನ್ನಡಕ ಹಾಕಿಕೊಂಡು ಪರದೆಯ ಮುಂದೆ ಕೂತರೆ ಒಂದು ಫೋಟೋ ಎಡಗಣ್ಣಿಗೆ ಹೋಗುತ್ತದೆ, ಇನ್ನೊಂದು ಬಲಗಣ್ಣಿಗೆ. ಅಷ್ಟೇ, ಚಪ್ಪಟೆ ಚಿತ್ರ ಎದ್ದು ನಿಲ್ಲುತ್ತದೆ. ಇವಳು ಕನ್ನಡಕವನ್ನು ನನ್ನ ಮೂಗಿನ ಮೇಲೆ ಇಟ್ಟಾಗ ಮನೆಗಳ ಮಾಡು ನನ್ನ ಮುಖಕ್ಕೇ ಬಂದು ಬಡಿಯಿತು. ನಾನು ಹೆದರಿ ಕೈ ಅಡ್ಡ ಹಿಡಿದೆ. ಇಡೀ ಕೋಣೆ ನಕ್ಕಿತು. ಎಲ್ಲರಿಗಿಂತ ಜಾಸ್ತಿ ನಕ್ಕವಳು ಇವಳು.

ಆ ಚಿತ್ರದೊಳಗೆ ಬೆಳಕಿನ ಒಂದು ಸಣ್ಣ ಚುಕ್ಕಿ ತೇಲುತ್ತಿರುತ್ತದೆ. ಕೈಕೆಳಗಿನ ಚಕ್ರ ತಿರುಗಿಸಿದರೆ ಚುಕ್ಕಿ ಏರುತ್ತದೆ, ಇಳಿಯುತ್ತದೆ. ಅದನ್ನು ಇಳಿಸಿ ಇಳಿಸಿ ನೆಲಕ್ಕೆ ಮುಟ್ಟಿಸಬೇಕು. ಮುಟ್ಟಿದ ಕಡೆ ನೆಲದ ಎತ್ತರ ಎಷ್ಟೆಂದು ಯಂತ್ರ ಬರೆದುಕೊಳ್ಳುತ್ತದೆ. ನಾನು ಮಾಡಿದಾಗ ಚುಕ್ಕಿ ನೆಲದೊಳಗೆ ಮುಳುಗಿ ಕಣ್ಣು ಗುಡ್ಡೆ ಕಿತ್ತು ಬರುವಂತೆ ನೋವಾಯಿತು. ಇವಳು ಮಾಡಿದಾಗ ಬ್ರೆಡ್ಡಿನ ಮೇಲೆ ನೊಣ ಕೂತ ಹಾಗೆ ಕೂರುತ್ತಿತ್ತು. ಎರಡು ಕಣ್ಣು ಸರಿಸಮ ಇದ್ದವರಿಗೆ ಮಾತ್ರ ಇದು ಸಾಧ್ಯ, ಅದಕ್ಕೇ ಎರಡು ವರ್ಷಕ್ಕೊಮ್ಮೆ ಇವರಿಗೆ ಕಣ್ಣಿನ ಪರೀಕ್ಷೆ ಇರುತ್ತಿತ್ತು. ಇವಳು ಒಮ್ಮೆಯೂ ತಪ್ಪಿದವಳಲ್ಲ. ಆ ಕನ್ನಡಕಕ್ಕೆ ಗೀರು ಬೀಳದಿರಲಿ ಎಂದು ನಾನು ಒಳಗೆ ಮಕಮಲ್ಲು ಕೊಟ್ಟು ಒಂದು ಚೀಲ ಹೊಲಿದುಕೊಟ್ಟಿದ್ದೆ. ಅದಕ್ಕೆ ಹಾಕಿದ ಹೊಲಿಗೆಯನ್ನು ನಾನು ಯಾವ ಕೋಟಿಗೂ ಹಾಕಿಲ್ಲ.

ಮೊದಲೆಲ್ಲ ಪ್ರತಿಯೊಂದು ಚುಕ್ಕಿಯನ್ನೂ ಇವಳೇ ಮುಟ್ಟಿಸುತ್ತಿದ್ದಳು. ಆಮೇಲೆ ಕಂಪ್ಯೂಟರಿಗೆ ಆ ವಿದ್ಯೆ ಬಂತು. ಅದು ಇವಳು ಊಟ ಮುಗಿಸಿ ಬರುವಷ್ಟರಲ್ಲಿ ಇಡೀ ಊರಿಗೆ ಚುಕ್ಕಿ ಇಟ್ಟು ಕೂತಿರುತ್ತಿತ್ತು. ಇವಳದು ಅದು ಮಾಡಿದ್ದನ್ನು ತಿದ್ದುವ ಕೆಲಸವಾಯಿತು. ಆ ಯಂತ್ರಕ್ಕೊಂದು ಚಾಳಿ ಇತ್ತು. ನಕ್ಷೆಗೆ ಬೇಕಾಗಿದ್ದು ಬರಿ ನೆಲ, ಮರ ಮನೆ ತೆಗೆದುಬಿಡು ಎಂದು ಅದಕ್ಕೆ ಹೇಳಿಕೊಟ್ಟಿದ್ದರು. ಅದು ಗಡ್ಡ ತೆಗೆ ಎಂದರೆ ಮೀಸೆಯನ್ನೂ ಬೋಳಿಸುವ ಕ್ಷೌರಿಕನಂತೆ, ಮರದ ಜೊತೆಗೆ ಹೊಳೆಯ ಪಕ್ಕದ ಸಣ್ಣ ಒಡ್ಡುಗಳನ್ನೂ ಬೋಳಿಸಿಬಿಡುತ್ತಿತ್ತು. ಇವಳು ಕನ್ನಡಕ ಹಾಕಿಕೊಂಡು ನೋಡಿ, ಒಡ್ಡನ್ನು ಮತ್ತೆ ಎಬ್ಬಿಸಿ ನಿಲ್ಲಿಸುತ್ತಿದ್ದಳು. ಸಂಜೆ ಬಂದು, ಇವತ್ತು ಅದರ ಇಷ್ಟು ತಪ್ಪು ಹಿಡಿದೆ ರೀ ಎಂದು ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಕಣ್ಣು ಹೋದದ್ದು ನನಗೆ ಗೊತ್ತಾದದ್ದು ಚಹಾದಿಂದ. ಚಳಿ ಮುಗಿಯುತ್ತಿದ್ದ ಒಂದು ಬೆಳಿಗ್ಗೆ ಇವಳು ನನ್ನ ಲೋಟಕ್ಕೆ ಚಹಾ ಬಗ್ಗಿಸಿದಳು. ಧಾರೆ ಲೋಟದ ಪಕ್ಕಕ್ಕೆ, ಮೇಜಿನ ಮೇಲೆ ಬಿತ್ತು. ಅಲ್ಲಿಂದ ಗಿರಾಕಿಯೊಬ್ಬರ ಬಿಳಿ ಷರಟಿಗೆ ಹರಿಯಿತು. ಬಾಯಿಗೆ ಬಂದಂತೆ ಬೈದೆ. ಎರಡು ದಿನ ಬಿಟ್ಟು ಮತ್ತೆ ಅದೇ. ಮೂರನೆಯ ಸಲ ಬೈಯಲು ಬಾಯಿ ತೆರೆದವನು ಅವಳನ್ನು ನೋಡಿ ಸುಮ್ಮನಾದೆ. ಕೋಳಿಯ ಹಾಗೆ ಕತ್ತು ಓರೆ ಮಾಡಿ ಒಂದೇ ಕಣ್ಣಿನಲ್ಲಿ ಲೋಟವನ್ನು ನೋಡುತ್ತಿದ್ದಳು. ಎದ್ದು ಹೋಗಿ ಅವಳ ಬಲಗಣ್ಣಿಗೆ ನನ್ನ ಅಂಗೈ ಅಡ್ಡ ಹಿಡಿದೆ. ಇನ್ನೊಂದು ಕೈಯಲ್ಲಿ ಕತ್ತರಿ ಇತ್ತು.

“ಈ ಕೈಲಿ ಏನಿದೆ ಹೇಳು ನೋಡೋಣ” ಅಂದೆ.

“ಬೆಳಕಿದೆ” ಅಂದಳು.

ಆಮೇಲೆ ಕೂತು ಹೇಳಿದಳು, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ. ಚಳಿಗಾಲದ ಶುರುವಿನಲ್ಲಿ ಒಂದು ದಿನ ಎದ್ದಾಗ ಎಡಗಣ್ಣಿನ ಮುಂದೆ ಬೂದಿ ಬಣ್ಣದ ಪರದೆ ಬಿದ್ದಿತ್ತಂತೆ. ಒಬ್ಬಳೇ ಆಸ್ಪತ್ರೆಗೆ ಹೋಗಿದ್ದಳಂತೆ. ಕಣ್ಣಿನ ಹಿಂದಿನ ರಕ್ತನಾಳ ಕಟ್ಟಿಕೊಂಡಿದೆ, ಹೋದ ದೃಷ್ಟಿ ಬರುವುದಿಲ್ಲ, ಇನ್ನೊಂದು ಕಣ್ಣು ಚೆನ್ನಾಗಿದೆ, ಮನೆಕೆಲಸಕ್ಕೆಲ್ಲ ಏನೂ ತೊಂದರೆ ಇಲ್ಲ ಎಂದು ಡಾಕ್ಟರು ಬೆನ್ನು ತಟ್ಟಿ ಕಳಿಸಿದರಂತೆ. ನನಗೆ ಮೊದಲು ಕೋಪ ಬಂದದ್ದು ಆ ಡಾಕ್ಟರ ಮೇಲೆ. ಇವಳಿಗೆ ಮನೆಕೆಲಸ ಯಾವತ್ತು ಬಂದಿತ್ತು, ಈಗ ತೊಂದರೆಯಾಗಲು?

ಅಳು ಬರಲಿಲ್ಲ. ಅವಳಿಗೂ ಬರಲಿಲ್ಲ. ಕಾಲಿಗೆ ಜೋಮು ಹಿಡಿದಾಗ ಚಿವುಟಿದರೆ ಚಿವುಟಿದ್ದು ಗೊತ್ತಾಗುತ್ತದೆ, ನೋಯುವುದಿಲ್ಲ, ಹಾಗಿತ್ತು ನನಗೆ. ಈಗ ಎಲ್ಲ ಗೋಡೆಗೆ ಅಂಟಿಸಿದ ಹಾಗೆ ಕಾಣುತ್ತೆ ಅಂದಳು, ಬೀದಿಯೂ, ಮೆಟ್ಟಿಲೂ, ನೀವೂ. ಇಷ್ಟು ವರ್ಷ ಆದಮೇಲೆ ಯಾವ ಹೆಂಗಸಿಗೆ ಗಂಡ ಹಾಗೆ ಕಾಣುವುದಿಲ್ಲ ಹೇಳು ಅಂದೆ. ನಗಬೇಕಾದಷ್ಟು ನಕ್ಕಳು. ಆಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡಳು.

“ಆಫೀಸಲ್ಲಿ ಯಾರಿಗೂ ಹೇಳ್ಬೇಡಿ ರೀ. ಆ ಕುರ್ಚಿ ಬಿಟ್ರೆ ನಂಗೆ ಈ ಪ್ರಪಂಚದಲ್ಲಿ ಬೇರೇನೂ ಗೊತ್ತಿಲ್ಲ.”

ಇಲ್ಲ ಅಂದೆ. ಮುಂದಿನ ಪರೀಕ್ಷೆ ಬರಲು ಇನ್ನೂ ಒಂದು ವರ್ಷದ ಮೇಲಿತ್ತು. ಅಲ್ಲಿಯವರೆಗೆ ತಳ್ಳಿದರಾಯಿತು ಎಂದು ಇಬ್ಬರೂ ಅಂದುಕೊಂಡೆವು. ಬೆಳಿಗ್ಗೆ ಅವಳು ಮಕಮಲ್ಲಿನ ಚೀಲ ಹಿಡಿದುಕೊಂಡು ಬಸ್ಸು ಹತ್ತುತ್ತಿದ್ದಳು, ನಾನು ಷಟರ್ ಎತ್ತುತ್ತಿದ್ದೆ.

ಒಂದು ಕಣ್ಣಿನಲ್ಲಿ ಚುಕ್ಕಿ ನೆಲ ಮುಟ್ಟುವುದು ಹೇಗೆ ಕಾಣುತ್ತದೆ ಎಂದು ಕೇಳಿದೆ. ಕಾಣಲ್ಲ ಅಂದಳು. ಚುಕ್ಕಿ ಎಲ್ಲಿದ್ದರೂ ಒಂದೇ, ಆಕಾಶದಲ್ಲಿದ್ದರೂ ನೆಲದಲ್ಲಿದ್ದರೂ ಒಂದೇ. ಹಾಗಾದರೆ ದಿನವೆಲ್ಲ ಏನು ಮಾಡುತ್ತೀ ಅಂದೆ. ನೆರಳು ನೋಡುತ್ತಾಳಂತೆ. ನೆರಳು ಎಷ್ಟುದ್ದ, ನೀರು ಯಾವ ಕಡೆ ಹರಿದಿದೆ, ಎತ್ತಿನ ಗಾಡಿಯ ಜಾಡು ಎಲ್ಲಿ ಬಳಸಿಕೊಂಡು ಹೋಗಿದೆ, ಅದರಿಂದ ಊಹೆ. ಹೊಸ ಉಪಗ್ರಹದ ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ರಸ್ತೆ, ಮನೆ ಸರಿಯಾಗಿವೆಯೇ ಎಂದು ನೋಡುವುದು. ಉಳಿದದ್ದಕ್ಕೆಲ್ಲ ಕಂಪ್ಯೂಟರ್ ಇಟ್ಟ ಚುಕ್ಕಿಗೆ ಹೂಂ ಅನ್ನುವುದು. ಹೂಂ ಅನ್ನಲು ಎಷ್ಟು ಹೊತ್ತು ಬೇಕು? ಇವಳ ನಕ್ಷೆಯ ಹಾಳೆಗಳು ಮೊದಲಿಗಿಂತ ಬೇಗ ಮುಗಿಯತೊಡಗಿದವು. ಎತ್ತರದಕ್ಕನ ಕೈ ಈಗೀಗ ಚುರುಕಾಗಿದೆ ಎಂದು ಕಚೇರಿಯ ಮುಖ್ಯಸ್ಥರು ಎಲ್ಲರೆದುರು ಹೊಗಳಿದರಂತೆ. ಅದನ್ನೂ ಬಂದು ಹೇಳಿದಳು, ಬಸ್ಸು ತಡವಾಯಿತು ಎಂದು ಹೇಳುವ ಧ್ವನಿಯಲ್ಲೇ.

ಹಾಗೆ ಹೊಗಳಿದ್ದರಿಂದಲೇ ಹೊಳೆಯ ಹಾಳೆ ಇವಳ ಕೈಗೆ ಬಂತು. ಊರಿನ ಮೇಲ್ಗಡೆ ಅಣೆಕಟ್ಟಿದೆ. ಅದರ ಬಾಗಿಲು ತೆರೆದರೆ ನೀರು ಎಲ್ಲೆಲ್ಲಿ ನುಗ್ಗುತ್ತದೆ ಎಂದು ತೋರಿಸುವ ನಕ್ಷೆ ಅದು. ನೀರು ಬರುವ ಕಡೆ ನೀಲಿ, ಬರದ ಕಡೆ ಬಿಳಿ. ಯಾರನ್ನು ಮೊದಲು ಎಬ್ಬಿಸಿ ಲಾರಿ ಹತ್ತಿಸಬೇಕು ಎಂಬುದನ್ನು ಆ ಬಣ್ಣ ನೋಡಿಯೇ ತೀರ್ಮಾನಿಸುತ್ತಾರೆ.

ಊರು ಮುಗಿದ ಮೇಲೆ ಹೊಳೆ ಒಂದು ಕಡೆ ಮೊಣಕೈಯಂತೆ ತಿರುಗುತ್ತದೆ. ಅಲ್ಲಿ ಇಟ್ಟಿಗೆ ಸುಡುವ ಭಟ್ಟಿಗಳಿವೆ, ಭಟ್ಟಿಯವರ ಮನೆಗಳ ಸಾಲಿದೆ. ಮನೆಗಳಿಗೂ ಹೊಳೆಗೂ ನಡುವೆ ಮಣ್ಣಿನ ಒಂದು ಉದ್ದ ಒಡ್ಡು. ಇವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಒಡ್ಡಿನ ಮೇಲೆ ಚುಕ್ಕಿ ಚುಕ್ಕಿಯಾಗಿ ತಾನೇ ನಡೆದಿದ್ದಳು, ಕನ್ನಡಕದೊಳಗೆ. ಈಗ ಕಂಪ್ಯೂಟರ್ ತಂದುಕೊಟ್ಟ ನೆಲದಲ್ಲಿ ಆ ಒಡ್ಡು ಇರಲಿಲ್ಲ, ಬಟ್ಟಬಯಲು. ಆದರೆ ಫೋಟೋದಲ್ಲಿ ಒಡ್ಡಿನ ಬುಡದ ಮರಗಳ ಸಾಲು ಹಾಗೇ ಇತ್ತು. ಪಕ್ಕದಲ್ಲಿ ಉದ್ದಕ್ಕೂ ಕಪ್ಪು ನೆರಳು. ಇವಳು ಹಲ್ಲು ಕಚ್ಚಿದಳಂತೆ: ಬೋಳಿಸಿಬಿಟ್ಟಿದೆ ನೋಡು, ಮರದ ಜೊತೆ ಒಡ್ಡನ್ನೂ ಬೋಳಿಸಿದೆ. ಹಳೆಯ ಎತ್ತರ ನೆನಪಿತ್ತು. ಒಡ್ಡನ್ನು ಎಬ್ಬಿಸಿ ನಿಲ್ಲಿಸಿದಳು. ಅದರ ಹಿಂದಿನ ಮನೆಗಳೆಲ್ಲ ಬಿಳಿಯಾದವು. ಆ ದಿನ ಮನೆಗೆ ಬಂದವಳ ಮುಖದಲ್ಲಿ ಬಹಳ ದಿನದ ಮೇಲೆ ಹಳೆಯ ಕಳೆ ಇತ್ತು. ಇವತ್ತು ಅದರದ್ದೊಂದು ದೊಡ್ಡ ತಪ್ಪು ಹಿಡಿದೆ ರೀ ಅಂದಳು. ನಾನೂ ಒಳ್ಳೆಯದಾಯಿತು ಅಂದೆ.

ಮಳೆ ಹಿಡಿದದ್ದು ಆಮೇಲೆ. ಹಿಡಿದದ್ದು ಬಿಡಲಿಲ್ಲ. ಬಟ್ಟೆ ಒಣಗದೆ ಅಂಗಡಿಯಲ್ಲಿ ಮುಗ್ಗಲು ವಾಸನೆ ಬರತೊಡಗಿತು. ಒಂದು ಸಂಜೆ ರೇಡಿಯೋದಲ್ಲಿ, ಅಣೆಕಟ್ಟು ತುಂಬುತ್ತಿದೆ, ನಾಡಿದ್ದು ಬಾಗಿಲು ತೆರೆಯುತ್ತೇವೆ, ನಕ್ಷೆಯಲ್ಲಿ ನೀಲಿ ಇರುವ ಕಡೆಯವರನ್ನು ಸಾಗಿಸುತ್ತೇವೆ ಎಂದು ಹೇಳಿದರು. ಇವಳು ಎದ್ದು ರೇಡಿಯೋ ಆರಿಸಿದಳು.

“ಆ ಒಡ್ಡು ನಾನು ನೋಡಿ ಹಾಕಿದ್ದಲ್ಲ ರೀ. ನೆನಪಿಂದ ಹಾಕಿದ್ದು.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಹಾಳಾದ ಕೋಪ ಬಂತು. ಆಫೀಸಿಗೆ ಫೋನ್ ಮಾಡು, ಈಗಲೇ ಮಾಡು ಅಂದೆ. ಮಾಡಿ ಏನೆಂದು ಹೇಳಲಿ ಅಂದಳು. ಎತ್ತರದಕ್ಕ ನೋಡಿದ ಮೇಲೆ ಮತ್ತೆ ನೋಡುವುದೇನಿದೆ ಎಂದು ನಗುತ್ತಾರೆ. ನಗದೆ ಇದ್ದರೆ, ಯಾಕೆ ಅನುಮಾನ ಎಂದು ಕೇಳುತ್ತಾರೆ. ಕೇಳಿದರೆ ಕಣ್ಣಿನ ಮಾತು ಬರುತ್ತದೆ, ಕಣ್ಣಿನ ಮಾತು ಬಂದರೆ ಕುರ್ಚಿ ಹೋಗುತ್ತದೆ. ಒಡ್ಡು ಅಲ್ಲೇ ಇದ್ದರೆ ಸುಮ್ಮನೆ ಹೋದಂತಾಗುತ್ತದೆ. ಇಲ್ಲದಿದ್ದರೆ ಭಟ್ಟಿಯವರು ಮನೆಯೊಳಗೇ ಕೂತಿರುತ್ತಾರೆ, ತಮ್ಮದು ಬಿಳಿ ಎಂದು ನಂಬಿಕೊಂಡು.

ಹೋಗಿ ನೋಡಿಕೊಂಡು ಬರೋಣ ಅಂದೆ. ಇದ್ದರೆ ಬಾಯಿ ಮುಚ್ಚಿಕೊಂಡು ವಾಪಸು. ಇಲ್ಲದಿದ್ದರೆ ನೀನೇ ಫೋನ್ ಮಾಡಬೇಕು, ನಾನು ಮಾಡುವುದಿಲ್ಲ. ಆಯಿತು ಅಂದಳು.

ಮರುದಿನ ಅಂಗಡಿ ತೆರೆಯಲಿಲ್ಲ. ಬಸ್ಸು ನಮ್ಮನ್ನು ಭಟ್ಟಿಯ ರಸ್ತೆಯಲ್ಲಿ ಇಳಿಸಿ ಹೋಯಿತು. ಮಳೆ ಸ್ವಲ್ಪ ನಿಂತಿತ್ತು. ಭಟ್ಟಿಗಳು ತಣ್ಣಗಿದ್ದವು, ಹಸಿ ಇಟ್ಟಿಗೆಗಳ ಮೇಲೆ ಪ್ಲಾಸ್ಟಿಕ್ ಹೊದಿಸಿದ್ದರು. ಮನೆಗಳ ಸಾಲು ಹೊಸದು, ಕೆಂಪಗೆ, ಇನ್ನೂ ಗಾರೆ ಕಾಣದ ಗೋಡೆಗಳು. ಮನೆಗಳ ಆಚೆ ಮರಗಳು ಸಾಲಾಗಿ ನಿಂತಿದ್ದವು. ದೂರದಿಂದ ನೋಡಿದರೆ ಮರಗಳ ಕೆಳಗೆ ಕಪ್ಪಗೆ ಏನೋ ಇತ್ತು. ಒಡ್ಡೋ, ನೆರಳೋ, ಹುಲ್ಲೋ, ನನಗೂ ಗೊತ್ತಾಗಲಿಲ್ಲ. ನನಗಂತೂ ಎರಡು ಕಣ್ಣೂ ಇವೆ.

ಇವಳು ನನ್ನ ಕೈ ಬಿಟ್ಟು ಮುಂದೆ ಹೋದಳು. ಕೆಸರಿನಲ್ಲಿ ಚಪ್ಪಲಿ ಕಚ್ಚಿಕೊಂಡಿತು, ಅದನ್ನು ಅಲ್ಲೇ ಬಿಟ್ಟು ಬರಿಗಾಲಿನಲ್ಲಿ ನಡೆದಳು. ಮರದ ಹತ್ತಿರ ಬಂದಾಗ, ಏರು ಹತ್ತುವವರು ಎತ್ತುವ ಹಾಗೆ, ಬಲಗಾಲನ್ನು ಮೇಲಕ್ಕೆ ಎತ್ತಿ ಇಟ್ಟಳು. ಏರು ಅಲ್ಲಿರಲಿಲ್ಲ. ಮೆಟ್ಟಿಲು ಮುಗಿದ ಮೇಲೂ ಇನ್ನೊಂದಿದೆ ಎಂದು ಕಾಲಿಟ್ಟರೆ ಮೈಯೆಲ್ಲ ಧಡಕ್ಕನೆ ಆಗುತ್ತದಲ್ಲ, ಹಾಗೇ ಆಗಿ ಎರಡು ಕೈಯನ್ನೂ ನೆಲಕ್ಕೆ ಊರಿದಳು. ನಾನು ಓಡಿ ಹೋದೆ. ಅವಳು ಏಳಲಿಲ್ಲ. ಅಂಗೈಯನ್ನು ನೆಲದ ಮೇಲೆ ಅತ್ತ ಇತ್ತ ಆಡಿಸುತ್ತಿದ್ದಳು, ಬಟ್ಟೆಯ ಸುಕ್ಕು ತೆಗೆಯುವವರ ಹಾಗೆ. ನೆಲ ಚಪ್ಪಟೆಯಾಗಿತ್ತು. ಅಲ್ಲಿಂದ ಹೊಳೆಯವರೆಗೂ ಚಪ್ಪಟೆಯಾಗಿತ್ತು.

ಪಾತ್ರೆ ತೊಳೆಯುತ್ತಿದ್ದ ಒಬ್ಬ ಹೆಂಗಸು, ಏನು ಬಿದ್ದುಹೋಯಿತು ಎಂದು ಕೇಳುತ್ತ ಬಂದಳು. ಇಲ್ಲೊಂದು ಒಡ್ಡಿತ್ತಲ್ಲ ತಾಯಿ, ಅದೇನಾಯಿತು ಎಂದು ನಾನೇ ಕೇಳಿದೆ. ಅವಳು ತನ್ನ ಮನೆಯ ಕೆಂಪು ಗೋಡೆಯ ಕಡೆ ಕೈ ತೋರಿಸಿದಳು.

“ಅಲ್ಲೈತಲ್ಲ. ಒಳ್ಳೆ ಮಣ್ಣು ಅಂತ ಎಲ್ಲಾ ಇಟ್ಟಿಗೆ ಮಾಡ್ಕೊಂಡ್ವಿ.”

ಮರ ಮಾತ್ರ ನೆರಳಿಗಿರಲಿ ಎಂದು ಬಿಟ್ಟಿದ್ದರಂತೆ. ನೀರಿನ ಭಯ ಇಲ್ಲವೇ ಎಂದು ಕೇಳಿದೆ. ನಿನ್ನೆ ಸರಕಾರದವರು ಬಂದಿದ್ದರು, ನಕ್ಷೆಯಲ್ಲಿ ನಮ್ಮದು ಬಿಳಿ ಇದೆ, ಏನೂ ಆಗಲ್ಲ ಎಂದು ಹೇಳಿ ಹೋದರು ಅಂದಳು. ಒಳ್ಳೆಯ ಜನ, ಪಾಪ, ಇಷ್ಟು ದೂರ ಬಂದು ಹೇಳಿ ಹೋದರು ಎಂದು ಸೇರಿಸಿದಳು.

ಇವಳು ಕೆಸರಿನ ಕೈ ಚಾಚಿ ನನ್ನ ಫೋನ್ ಕೇಳಿದಳು. ನಾನು ಸಂಖ್ಯೆ ಒತ್ತಿ ಕೊಟ್ಟೆ. ಮುಖ್ಯಸ್ಥರು ಎತ್ತಿಕೊಂಡರು. ಹೊಳೆ ತಿರುವಿನಲ್ಲಿ ಒಡ್ಡಿಲ್ಲ, ನಾನೇ ಹಾಕಿದ್ದು, ಕಂಪ್ಯೂಟರ್ ಹೇಳಿದ್ದೇ ಸರಿ ಎಂದಳು. ಅವರು ನಂಬಲಿಲ್ಲ ಅಂತ ಕಾಣುತ್ತದೆ. ನೀವು ನೋಡಿದ ಮೇಲೆ ಹೇಗೆ ತಪ್ಪಾಗುತ್ತೆ ಎಂದು ಕೇಳಿದ್ದು ನನಗೂ ಕೇಳಿಸಿತು.

“ನೋಡ್ಲಿಲ್ಲ ಸಾರ್. ನನ್ನ ಎಡಗಣ್ಣು ಕಾಣಲ್ಲ.”

ಆಮೇಲೆ ಅವರು ಒಂದೇ ಮಾತು ಕೇಳಿದರು, ಯಾವತ್ತಿಂದ ಎಂದು. ಹೇಳಿದಳು. ಫೋನ್ ನನ್ನ ಕೈಗೆ ವಾಪಸು ಕೊಟ್ಟು ಹೋಗಿ ಕೆಸರಿನಲ್ಲಿದ್ದ ಚಪ್ಪಲಿ ಕಿತ್ತುಕೊಂಡಳು.

ಸಂಜೆಯೊಳಗೆ ನಕ್ಷೆಯಲ್ಲಿ ಆ ಜಾಗಕ್ಕೆ ನೀಲಿ ಬಳಿದರು. ಲಾರಿಗಳು ಬಂದವು. ಮರುದಿನ ಬಾಗಿಲು ತೆರೆದಾಗ ನೀರು ಆ ಮನೆಗಳಲ್ಲಿ ಕಿಟಕಿಯವರೆಗೆ ನಿಂತಿತು. ಒಳಗೆ ಯಾರೂ ಇರಲಿಲ್ಲ. ಹಸಿ ಇಟ್ಟಿಗೆಗಳೆಲ್ಲ ಕರಗಿ ಮತ್ತೆ ಮಣ್ಣಾದವಂತೆ. ಯಾರೂ ಇವಳನ್ನು ಹೊಗಳಲಿಲ್ಲ, ಯಾರೂ ಬೈಯಲೂ ಇಲ್ಲ. ಮನೆಯಲ್ಲಿರಿ, ಕರೆದಾಗ ಬನ್ನಿ ಎಂದಷ್ಟೇ ಕಚೇರಿಯಿಂದ ಹೇಳಿ ಕಳಿಸಿದರು. ಕಣ್ಣು ಹೋದಾಗಿನಿಂದ ಇವಳು ಹೂಂ ಅಂದ ಹಾಳೆಗಳನ್ನೆಲ್ಲ ಇನ್ನಿಬ್ಬರು ಕೂತು ಮೊದಲಿನಿಂದ ನೋಡುತ್ತಿದ್ದಾರೆ ಎಂದು ಗೊತ್ತಾಯಿತು.

ಆ ದಿನಗಳು ಹೇಗೆ ಹೋದವೋ. ಅವಳು ಅಂಗಡಿಗೆ ಇಳಿದು ಬಂದು ನನ್ನ ಪಕ್ಕ ಕೂರುತ್ತಿದ್ದಳು. ಸುಮ್ಮನೆ ಕೂರಬೇಡ, ಗುಂಡಿ ಹಾಕು ಎಂದು ಒಂದು ರಾಶಿ ಶಾಲೆಯ ಷರಟು ಮುಂದೆ ಸುರಿದೆ. ಸೂಜಿಗೆ ದಾರ ಪೋಣಿಸಲು ಹೋದಳು. ದಾರ ಸೂಜಿಯ ಮುಂದೆ ಹೋಗುತ್ತಿತ್ತು, ಹಿಂದೆ ಹೋಗುತ್ತಿತ್ತು, ಸೂಜಿಯ ಕಣ್ಣಿನೊಳಗೆ ಮಾತ್ರ ಹೋಗುತ್ತಿರಲಿಲ್ಲ. ನಾನು ಪೋಣಿಸಿ ಪೋಣಿಸಿ ಕೊಟ್ಟೆ. ಗಿರಾಕಿಗಳು, ಏನು ಮೇಡಂ ರಜೆಯೇ ಎಂದು ಕೇಳಿದರೆ ಹೌದು ಅನ್ನುತ್ತಿದ್ದಳು. ನನ್ನ ಕೋಪವೂ ಎಲ್ಲೋ ಹೋಗಿತ್ತು. ಒಬ್ಬ ಬಂದು ಅಳತೆ ತಪ್ಪಾಗಿದೆ ಎಂದು ಜಗಳ ತೆಗೆದ, ಇರಲಿ ಬಿಡಪ್ಪ ಸರಿ ಮಾಡಿಕೊಡುತ್ತೇನೆ ಅಂದೆ. ಅವನೇ ಗಾಬರಿಯಾಗಿ, ಮೈ ಹುಷಾರಿಲ್ಲವೇ ಎಂದು ಕೇಳಿದ.

ಕೆಲಸದಿಂದ ತೆಗೆಯುತ್ತಾರೆ ಎಂದೇ ನಾನು ಅಂದುಕೊಂಡಿದ್ದೆ. ಆಮೇಲೆ ಏನು ಮಾಡಿಸುವುದು, ಕೌಂಟರಿನಲ್ಲಿ ಕೂರಿಸುವುದೇ, ಇವಳಿಗೆ ಅದು ಹೇಗಾದೀತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಕರೆ ಬಂದ ದಿನ ನಾನೂ ಜೊತೆಗೆ ಹೋದೆ. ಹೊರಗೆ ಬೆಂಚಿನ ಮೇಲೆ ಕೂರಲು ಹೊರಟವನನ್ನು ಮುಖ್ಯಸ್ಥರು ಒಳಗೇ ಕರೆದರು. ನಮ್ಮಿಬ್ಬರಿಗೂ ಚಹಾ ತರಿಸಿದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಮುಖದಲ್ಲಿ ಖುಷಿ ಇತ್ತು.

ಎಲ್ಲ ಹಾಳೆಗಳನ್ನೂ ಎರಡೆರಡು ಸಲ ನೋಡಿಸಿದೆವು ಅಂದರು. ಒಂದೇ ಒಂದು ತಪ್ಪಿಲ್ಲ. ಕಂಪ್ಯೂಟರ್ ಇಟ್ಟಿದ್ದೆಲ್ಲ ಸರಿಯಾಗಿಯೇ ಇದೆ. ಬೋಳಿಸುವ ಚಾಳಿಯನ್ನು ಅದನ್ನು ಮಾಡಿದವರು ಎಂದೋ ಸರಿಪಡಿಸಿದ್ದಾರೆ, ನಮಗೇ ಗೊತ್ತಿರಲಿಲ್ಲ. ತಪ್ಪು ಅಂತ ಇದ್ದದ್ದು ಆ ಒಡ್ಡು ಮಾತ್ರ, ಅದನ್ನು ಹಿಡಿದವರೂ ನೀವೇ. ಹಾಗೆಂದು ಮೇಜಿನ ಮೇಲೆ ಮುಂದಕ್ಕೆ ಬಾಗಿದರು.

“ಸೋಮವಾರದಿಂದ ಬನ್ನಿ ಅಕ್ಕಾ. ಆ ಕಣ್ಣಿನ ಪರೀಕ್ಷೆ ಇನ್ಮೇಲೆ ಯಾರಿಗೂ ಬೇಡ ಅಂತ ತೀರ್ಮಾನ ಮಾಡಿದ್ದೀವಿ. ಈ ಕೆಲಸಕ್ಕೆ ಒಂದು ಕಣ್ಣು ಧಾರಾಳ ಸಾಕು.”

ಎದ್ದು ನಿಂತು ಅವರ ಕೈ ಹಿಡಿದುಕೊಂಡೆ, ಏನೇನೋ ಹೇಳಿದೆ. ಹೊರಗೆ ಬಂದಾಗ ಇವಳ ಕೋಣೆಯವರೆಲ್ಲ ಸುತ್ತ ನೆರೆದು ಚಪ್ಪಾಳೆ ತಟ್ಟಿದರು. ಇವಳು ಎಲ್ಲರಿಗೂ ನಕ್ಕಳು, ಥ್ಯಾಂಕ್ಸ್ ಅಂದಳು, ಯಾರದೋ ಮಗುವಿಗೆ ಜ್ವರ ಬಿಟ್ಟಿತೇ ಎಂದು ವಿಚಾರಿಸಿದಳು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದು ಒಂದೊಂದೇ ಕಾಲು ಇಟ್ಟು ಇಳಿದಳು. ಕೆಳಗೆ ಬಂದು ನಿಂತಳು.

“ಯಾವತ್ತಿಂದ ರೀ?” ಅಂದಳು.

ಏನು ಯಾವತ್ತಿಂದ, ಸೋಮವಾರದಿಂದ ಎಂದು ಹೇಳಿದರಲ್ಲ ಅಂದೆ.

“ಅದಲ್ಲ. ಯಾವತ್ತಿಂದ ನಾನು ಬೇಕಾಗಿರ್ಲಿಲ್ಲ?”

ಬಸ್ಸು ಬಂತು, ಹತ್ತಿದೆವು. ಕಿಟಕಿಯ ಹತ್ತಿರ ಅವಳನ್ನು ಕೂರಿಸಿದೆ. ಕಣ್ಣು ಕೆಡುವ ಎಷ್ಟೋ ಮುಂಚೆ, ಸಂಜೆ ಬಂದು ಅದರ ಇಷ್ಟು ತಪ್ಪು ಹಿಡಿದೆ ಎಂದು ಹೇಳುತ್ತಿದ್ದಳಲ್ಲ, ಆ ತಪ್ಪುಗಳಲ್ಲಿ ಎಷ್ಟು ನಿಜವಾಗಿ ತಪ್ಪಾಗಿದ್ದವು ಎಂದು ಅವಳು ಲೆಕ್ಕ ಹಾಕುತ್ತಿದ್ದಳೋ ಏನೋ.

ಸೋಮವಾರ ಹೊರಡುವಾಗ ಮಕಮಲ್ಲಿನ ಚೀಲ ನನ್ನ ಹೊಲಿಗೆ ಮೆಷಿನ್ನಿನ ಮೇಲೆ ಇಟ್ಟಳು. ಮರೆತೆಯಲ್ಲ ಎಂದು ಕೂಗಿ ಕೊಡಲು ಹೋದೆ. ಕನ್ನಡಕ ಅವತ್ತೇ ಆಫೀಸಿಗೆ ವಾಪಸು ಕೊಟ್ಟೆ, ಇದರಲ್ಲಿ ನೀವು ಸೀಮೆಸುಣ್ಣ ಹಾಕಿಟ್ಟುಕೊಳ್ಳಿ ಅಂದಳು. ಈಗಲೂ ದಿನಾ ಹೋಗುತ್ತಾಳೆ, ಸರಿಯಾದ ಹೊತ್ತಿಗೆ ಬರುತ್ತಾಳೆ. ಕಂಪ್ಯೂಟರ್ ಇಟ್ಟಿದ್ದಕ್ಕೆ ಹೂಂ ಅನ್ನುತ್ತಾಳೆ. ಸಂಜೆ ಅದರ ಮಾತು ಎತ್ತುವುದಿಲ್ಲ, ನಾನೂ ಕೆದಕುವುದಿಲ್ಲ.

ಅವಳು ಮೆಟ್ಟಿಲ ಕೆಳಗೆ ಕೇಳಿದ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಎಷ್ಟೋ ದಿನ ಯೋಚಿಸಿ, ಒಂದು ಸಂಜೆ ಇಸ್ತ್ರಿ ಹಾಕುತ್ತ ಉತ್ತರ ಹೇಳಿದೆ. ನೋಡು, ಆ ದಿನ ಹೊಳೆಯ ಹತ್ತಿರ ನೀನು ಕಾಲೆತ್ತಿ ಇಟ್ಟೆಯಲ್ಲ, ಆಗ ನೀನು ಬೇಕಾಗಿದ್ದೆ. ನೀನು ಹೋಗದಿದ್ದರೆ ಅಷ್ಟು ಜನ ಏನಾಗುತ್ತಿದ್ದರು? ಒಳ್ಳೆಯ ಉತ್ತರ ಎಂದೇ ನನಗೆ ಅನ್ನಿಸಿತ್ತು.

ಅವಳು ಚಹಾ ಬಗ್ಗಿಸುತ್ತಿದ್ದಳು. ಈಗ ಲೋಟದ ಅಂಚಿಗೆ ಎಡಗೈ ಬೆರಳು ತಾಗಿಸಿಟ್ಟುಕೊಂಡು, ಬೆರಳಿನ ಪಕ್ಕಕ್ಕೇ ಧಾರೆ ಬಿಡುತ್ತಾಳೆ. ಒಂದು ಹನಿಯೂ ಚೆಲ್ಲುವುದಿಲ್ಲ.

“ಮಷೀನು ಅಲ್ಲಿ ಬಯಲು ಅಂತಾನೇ ಹೇಳಿತ್ತಲ್ಲ ರೀ” ಅಂದಳು. “ನಾನು ಆ ಕುರ್ಚೀಲಿ ಇಲ್ದೇ ಇದ್ದಿದ್ರೆ ಅವರೆಲ್ಲ ಮೊದಲ್ನೇ ದಿನಾನೇ ಲಾರಿ ಹತ್ತಿರ್ತಿದ್ರು.”

ಲೋಟವನ್ನು ನನ್ನ ಕಡೆ ತಳ್ಳಿದಳು. ಬೆರಳು ಕೆಂಪಗಾಗಿತ್ತು, ಅದನ್ನು ಒರೆಸಿಕೊಂಡಳು. ಬಿಸಿ ಇರುವಾಗಲೇ ಕುಡಿಯಿರಿ ಅಂದಳು. ಕುಡಿದೆ.